ಸ್ಥಿತಿ: ಉತ್ತಮ

ಪುಸ್ತಕವಾದರೆ ಮೊದಲು ಬೆನ್ನು ನೋಡಬೇಕು,
ಸಿ.ಡಿ.ಯಾದರೆ ಹೊಟ್ಟೆ.
ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಸಾಕು,
ಗೀರುಗಳು ತಾವಾಗಿಯೇ ಬಾಯಿಬಿಡುತ್ತವೆ.
ಆಮೇಲೆ ಫೋನಿನಲ್ಲಿ ಬರೆಯುವುದು:
‘ಅಂಚು ಮಾಸಿದೆ. ಹದಿನಾರನೇ ಪುಟದಲ್ಲಿ ಚಹಾದ ಕಲೆ.
ಒಳಗೆ ಯಾರದೋ ಹೆಸರು, ನೀಲಿ ಶಾಯಿ.
ಸ್ಥಿತಿ: ಉತ್ತಮ.’

ಅತ್ಯುತ್ತಮ ಎಂದು ನಾನು ಯಾವುದಕ್ಕೂ ಬರೆಯುವವಳಲ್ಲ.
ವೂಚ್ ನಗರದ ಬಟ್ಟೆ ಗಿರಣಿಯಲ್ಲಿ
ಇಪ್ಪತ್ತೆರಡು ವರ್ಷ ಥಾನುಗಳ ತಪ್ಪು ಹುಡುಕಿದವಳು.
ಒಂದೆಳೆ ತಪ್ಪಿದರೂ ಸೀಮೆಸುಣ್ಣದ ಗುರುತು.
ಗಿರಣಿ ಹೋಯಿತು, ಕಣ್ಣು ಉಳಿಯಿತು.

ತಮ್ಮ ಲುದೋಮಿರ್ ತೀರಿಕೊಂಡ ಮೇಲೆ
ಅವನ ಎರಡು ಕೋಣೆ ಖಾಲಿ ಮಾಡಲು
ಸೊಸೈಟಿಯವರು ಕೊಟ್ಟದ್ದು ತಿಂಗಳ ಕೊನೆಯವರೆಗೆ.
ನಾನೂರ ಹತ್ತು ಪುಸ್ತಕ, ಇನ್ನೂರು ಚಿಲ್ಲರೆ ಸಿ.ಡಿ.
ಪತ್ತೇದಾರಿ ಕಾದಂಬರಿಗಳು ಎರಡು ಝ್ಲೋಟಿಗೂ ಹೋಗಲಿಲ್ಲ;
ಅಣಬೆ ಗುರುತಿಸುವ ಪುಸ್ತಕಕ್ಕೆ ಮೂವರು ಮುಗಿಬಿದ್ದರು.
ಒಬ್ಬ ಮಹಾಶಯ ಸಾಗಣೆ ವೆಚ್ಚಕ್ಕಿಂತ ಕಡಿಮೆಗೆ ಕೇಳಿ,
ಕೊಡೋದಿಲ್ಲ ಅಂದಿದ್ದಕ್ಕೆ ಬೈದೂ ಹೋದ.

ಈಗ ಅಂಚೆಕಚೇರಿಯ ಸಾಲಿನಲ್ಲಿ ಯಾರು ನಿಲ್ಲುತ್ತಾರೆ?
ಬೇಕರಿಯ ಪಕ್ಕ ಹಳದಿ ಲಾಕರುಗಳ ಗೋಡೆಯೇ ಇದೆ;
ಫೋನು ತೋರಿಸಿದರೆ ಒಂದು ಬಾಗಿಲು ಟಪ್ಪೆಂದು ತೆರೆಯುತ್ತದೆ,
ಹಾಜರಿ ಕರೆದಾಗ ಮಗುವೊಂದು ಎದ್ದು ನಿಂತ ಹಾಗೆ.
ಹಿಮದಲ್ಲಿ ನಿಂತು ಪೊಟ್ಟಣ ಒಳಗಿಡುತ್ತೇನೆ.
ಅಕ್ಕಪಕ್ಕದ ಗೂಡುಗಳಲ್ಲಿ ಯಾರದೋ ಶೂ, ಯಾರದೋ ಕಾಫಿಪುಡಿ;
ನಡುವೆ ಲುದೋಮಿರ್‌ನ ಚೆಸ್ ಪುಸ್ತಕ.

ಶ್ಚೆಚಿನ್‌ನಿಂದ ಒಂದು ಆರ್ಡರು ಬಂತು:
ಟ್ರಾಮ್ ಡಿಪೋ ನೌಕರರ ಗಾಯನ ಮೇಳ,
ತೊಂಬತ್ತೆಂಟರದ್ದು, ಒಂಬತ್ತು ಝ್ಲೋಟಿ.
ಡಬ್ಬಿಯ ಚಿತ್ರದಲ್ಲಿ ಮೂರನೇ ಸಾಲಿನ ಕೊನೆಗೆ ನನ್ನ ತಮ್ಮ,
ಕೋಟಿನ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದಾನೆ.
ಗುಳ್ಳೆಹಾಳೆ ಸುತ್ತಿ, ಟೇಪು ಹಚ್ಚಿ ಕಳಿಸಿದೆ.

ನಾಲ್ಕನೇ ದಿನ ದೂರು:
‘ಡಬ್ಬಿ ಬಂದಿದೆ. ಒಳಗೆ ಏನೂ ಇಲ್ಲ.’
ಒಂದೇ ಒಂದು ನಕ್ಷತ್ರ.

ಇಪ್ಪತ್ತೆರಡು ವರ್ಷದ ಕಣ್ಣು!
ಪ್ರತಿಯೊಂದನ್ನೂ ಬಿಚ್ಚಿ ನೋಡಿದವಳು
ಅದೊಂದನ್ನು ಬಿಚ್ಚಿರಲಿಲ್ಲ.
ಗುಂಡಿ ನೋಡುತ್ತಾ ಕೂತಿದ್ದೆ, ಅಷ್ಟೇ.

ರಾತ್ರಿ ಹೊಳೆಯಿತು. ಕಾರು.
ಕಾರನ್ನೂ ಮಾರಿಯಾಗಿತ್ತು, ಅದೇ ಆ್ಯಪಿನಲ್ಲಿ,
ಪಬ್ಯಾನಿತ್ಸೆಯಲ್ಲಿ ಟೈಲ್ಸ್ ಕೂರಿಸುವ ಕ್ಸಾವೆರಿಗೆ.
ಹೌದು, ಅಂದ. ಪ್ಲೇಯರಿನಲ್ಲೇ ಸಿಕ್ಕಿಕೊಂಡಿದೆ,
ಗುಂಡಿ ಒತ್ತಿದರೂ ಇಲ್ಲ, ಚಾಕು ತುರುಕಿದರೂ ಇಲ್ಲ.
ಮೊದಮೊದಲು ತಲೆ ಚಿಟ್ಟು ಹಿಡಿದಿತ್ತು.
ಈಗ ಮಗು ಅದಿಲ್ಲದೆ ಮಲಗೋದಿಲ್ಲ.
ನಾಲ್ಕನೇ ಹಾಡಿನಲ್ಲಿ ಒಬ್ಬ ದಪ್ಪ ದನಿಯವನು
ಎಲ್ಲರಿಗಿಂತ ಒಂದು ಚಣ ಮೊದಲೇ ಶುರು ಮಾಡ್ತಾನಲ್ಲ,
ಅಲ್ಲಿ ಕಿಲಕಿಲ ನಗ್ತಾಳೆ.

ಗೊತ್ತು ನನಗೆ, ಆ ದನಿಯವನು.
ತಟ್ಟೆ ಬರುವ ಮೊದಲೇ ಚಮಚ ಹಿಡಿದು ಕೂರುವವನು,
ರೈಲಿಗೆ ಒಂದು ಗಂಟೆ ಮುಂಚೆ ಸ್ಟೇಷನ್ನಿನಲ್ಲಿರುವವನು,
ಐವತ್ತೊಂಬತ್ತಕ್ಕೇ ಎದ್ದು ಹೊರಟವನು.
ಇರಲಿ, ತೆಗೆಯಬೇಡಿ ಅಂದೆ ಕ್ಸಾವೆರಿಗೆ.

ಒಂಬತ್ತು ಝ್ಲೋಟಿ ವಾಪಸು ಹಾಕಿ ಕ್ಷಮೆ ಕೇಳಿದೆ.
ಶ್ಚೆಚಿನ್ನಿನ ಹಾಲ್ಷ್ಕಾ ವ್ರೋನಾ ಬರೆದಳು:
‘ಡಬ್ಬಿ ಹಿಂದಿರುಗಿಸುವುದಿಲ್ಲ.
ಮುಂದಿನ ಸಾಲು, ಎಡದಿಂದ ಎರಡನೆಯವರು ನಮ್ಮಪ್ಪ.
ಸಿ.ಡಿ. ಹಾಕುವ ಯಂತ್ರವೇ ನಮ್ಮನೆಯಲ್ಲಿಲ್ಲ ಬಿಡಿ.’
ನಕ್ಷತ್ರ ಮಾತ್ರ ಒಂದೇ ಉಳಿಸಿದಳು.
ನ್ಯಾಯವೇ. ನಾನಾಗಿದ್ದರೂ ಸೀಮೆಸುಣ್ಣ ಎಳೆಯುತ್ತಿದ್ದೆ.

ಇವತ್ತು ಹದಿನೇಳು ಪುಸ್ತಕ ಪಟ್ಟಿಗೆ ಹಾಕಿದೆ.
ಒಂದರ ನಡುವೆ ಟ್ರಾಮ್ ಟಿಕೀಟು,
ಅವನು ಓದಿ ನಿಲ್ಲಿಸಿದ ಜಾಗದಲ್ಲಿ.
ಎಳೆಯಲು ಹೋದ ಬೆರಳು ಹಿಂದೆ ಬಂತು. ಬರೆದೆ:
‘ತೊಂಬತ್ತನೇ ಪುಟದವರೆಗೆ ಬಳಸಲಾಗಿದೆ,
ಅಲ್ಲಿಂದ ಮುಂದೆ ಹೊಸದು.
ಟಿಕೀಟು ಬೆಲೆಯಲ್ಲೇ ಸೇರಿದೆ.’