ಒಂದೇ ವ

ಕೋರ್ಟಿನ ಎದುರಿಗಿ, ಬೇವಿನ ಗಿಡದ ಬುಡಕ ನನ್ನ ಟೇಬಲ್ಲು.
ಮೂವತ್ತೊಂದು ವರ್ಷ.
ಮೊದಲ ರೆಮಿಂಗ್ಟನ್ನು, ಈಗ ಬ್ಯಾಟರಿ ಕಟ್ಟಿದ ಕಂಪ್ಯೂಟರು.
ಹೊಲದ ವಾಟ್ನಿ, ಬಾಡಿಗಿ ಕರಾರು,
ಜಗಳಾಡಿ ಬ್ಯಾರೆಯಾದವರ ಗ್ಯಾಸ್ ಕನೆಕ್ಷನ್ನು,
ಎಲ್ಲಾ ಟೈಪ್ ಮಾಡೀನಿ.
ವಿಮಾನ ಇದೇ ಮೊದಲು.

ಹುಡುಗಿ ಚೀಲದಿಂದ ತೆಗೆದಳು
ನೀಲಿ ರಟ್ಟಿನ ಲಾಗ್‌ಬುಕ್ಕು,
ಆಫ್ರಿಕಾದ ತುದಿಯ ಯಾವುದೋ ಊರಿನ ಮುದ್ರಿ ಪುಟಪುಟಕ್ಕ.
ಎರಡು ನೂರ ಹನ್ನೊಂದು ತಾಸು ನಲವತ್ತು ನಿಮಿಷ ಹಾರ್ಯಾಳ,
ಅದರಾಗ ಹನ್ನೆರಡು ತಾಸು ಕತ್ತಲದಾಗ.
"ಅಲ್ಲಿ ನಾ ಪೈಲಟ್, ಮಾಮಾ.
ಇಲ್ಲಿ ಇನ್ನೂ ಅರ್ಜಿದಾರಳು."

ಅವರಪ್ಪ ಸಂಗಣ್ಣ ಹಡಪದ, ಸೊಲ್ಲಾಪುರ ರೂಟಿನ ಡ್ರೈವರು,
ಖಾಕಿ ಅಂಗಿದಾಗೇ ಬಂದಿದ್ದ, ಡ್ಯೂಟಿ ಇನ್ನೂ ಒಂದು ತಾಸಿತ್ತು.
"ಹಿರೋಳಿ ದಾಟಿದ್ರ ಮಹಾರಾಷ್ಟ್ರ.
ಯಾವ ಮಗನೂ ನನಗ ಕೇಳಿಲ್ಲ,
ಮತ್ತೊಮ್ಮೆ ಕ್ಲಚ್ ಒತ್ತಿ ತೋರ್ಸು ಅಂತ.
ನೆಲದಾಗ ಇಲ್ಲದ ಗೆರಿ ಮ್ಯಾಲ ಮಾಡದಾಗ ಹ್ಯಾಂಗ ಬಂತು?"

ಮಗಳು ನಗಲಿಲ್ಲ. ಬಾಯಿಪಾಠ ಒಪ್ಪಿಸಿದಳು:
ಕಾಯ್ದೆ, ದಿಕ್ಕು, ಹವಾ, ರೇಡಿಯೋ, ಎಲ್ಲಾ ಮತ್ತ ಬರೀಬೇಕು.
ಕಣ್ಣು ಕಿವಿ ಎದಿ ಮತ್ತ ತೋರಸಬೇಕು.
ಆ ದೇಶದವರು, ಹೌದು ಇದು ನಾವೇ ಕೊಟ್ಟದ್ದು ಅಂತ
ದಿಲ್ಲಿಗಿ ಪತ್ರ ಬರೀಬೇಕು.
ಬರದಾರೋ ಇಲ್ಲೋ, ನಾಕು ತಿಂಗಳಾತು.

"ಗಾಳಿನೂ ತಿರುಗ್ಯದ ಮಾಮಾ.
ಅಲ್ಲಿ ಗಾಳಿಗಿ ಬೆನ್ನು ಕೊಟ್ಟು ನಿಂತರ
ಒತ್ತಡ ಕಡಿಮಿ ಇರೋದು ಬಲಕ್ಕ.
ಇಲ್ಲಿ ಎಡಕ್ಕ.
ಕಲ್ತದ್ದು ಸುಳ್ಳಲ್ಲ,
ಕೈ ಬದಲಿ ಮಾಡ್ಕೋಬೇಕು ಅಷ್ಟೇ."

ಇಷ್ಟೆಲ್ಲಾ ಇದ್ದೂ ಫೈಲು ತಿರುಗಿ ಬಂದದ್ದು
ಒಂದು ಅಕ್ಷರಕ್ಕ.
ಘತ್ತರಗಿ ತಾಯಿಗಿ ಹರಕಿ ಹೊತ್ತು ಇಟ್ಟ ಹೆಸರು, ಭಾಗ್ಯವಂತಿ.
ಹತ್ತನೆತ್ತಿ ಅಂಕಪಟ್ಟಿದಾಗ ವ್ಹಿ,
ಪಾಸ್‌ಪೋರ್ಟಿನಾಗ ಡಬ್ಲ್ಯೂ.
ದಿಲ್ಲಿಯವರು ಕೇಳ್ಯಾರ: ಹಾರಿದಾಕಿ ಯಾರು, ಓದಿದಾಕಿ ಯಾರು?

ನನ್ನ ಕೈ ನಿಂತಿತು.
ಕನ್ನಡದಾಗ ವ ಒಂದೇ.
ನಮ್ಮಪ್ಪ ಬರೀತಿದ್ದ ಉರ್ದುದಾಗೂ ವಾವ್ ಒಂದೇ,
ವ ಅಂದ್ರೂ ಅದೇ, ಊ ಅಂದ್ರೂ ಅದೇ,
ಓ ಅಂತ ಹೊಲದಿಂದ ಕೂಗಿದ್ರೂ ಅದೇ.
ಹಳೇ ಖಾಸ್ರಾ ಪಹಣಿ ಉರ್ದುದಿಂದ ಕನ್ನಡಕ್ಕ ಇಳಿಸುವಾಗ
ಎಷ್ಟೋ ಹೆಸರಿಗಿ ನಾನೇ ಬಾಲ ಹಚ್ಚೀನಿ, ಬಾಲ ಕತ್ತರಿಸೀನಿ.
ಅವರ ಮೊಮ್ಮಕ್ಕಳು ಈಗ ಯಾವ ಕಚೇರಿ ಮುಂದ ನಿಂತಾರೋ.
ಅದನ್ನ ಹೇಳಲಿಲ್ಲ.

ಟೈಪ್ ಮಾಡಿದೆ:
ಮೇಲ್ಕಾಣಿಸಿದ ಎರಡೂ ಹೆಸರುಗಳು ನನ್ನವೇ ಆಗಿದ್ದು,
ಇಬ್ಬರೂ ಒಬ್ಬಳೇ ವ್ಯಕ್ತಿ ಎಂದು ಪ್ರಮಾಣೀಕರಿಸುತ್ತೇನೆ.
"ಇಬ್ಬರೂ" ಅಳಿಸಿದೆ. ಮತ್ತ ಬರದೆ. ಮತ್ತ ಅಳಿಸಿದೆ.

ಅಷ್ಟೊತ್ತಿಗಿ ಸರಡಗಿ ಕಡಿಂದ ಒಂದು ಸಣ್ಣ ವಿಮಾನ,
ತರಬೇತಿ ಶಾಲಿದು,
ನೊಣದಂಗ ಗುಂಯ್‌ಗುಟ್ಟಿಕೋತ ಕೋಟಿ ಮ್ಯಾಲ ಬಂತು.
ಅಪ್ಪ ಕತ್ತೆತ್ತಿ ನೋಡಿದ, ನಾ ನೋಡಿದೆ, ನೋಟರಿ ವಕೀಲ ನೋಡಿದ.
ಆಕಿ ನೋಡಲಿಲ್ಲ. ಬರೀ ಕಿವಿ ಕೊಟ್ಟಳು.
"ತಿರುಗು ಸಡ್ಲ ಆಗ್ಲಿಕತ್ತದ. ಎತ್ತರ ಬಿಡ್ಲಿಕತ್ತಾನ," ಅಂದಳು,
ಯಾರ ಮ್ಯಾಲೂ ಅಲ್ಲದ ಸಿಟ್ಟಿನಾಗ.

ನೂರಿಪ್ಪತ್ತು ರೂಪಾಯಿ. ಸ್ಟಾಂಪಿಂದು ಬ್ಯಾರೆ.
ಸಂಜೆ ಟೇಬಲ್ ಮಡಚುವಾಗ ಬಿಸಿಗಾಳಿ ಬಿಟ್ಟಿತ್ತು.
ಯಾರೂ ಇಲ್ಲ ಅಂತ ನೋಡಿ, ಗಾಳಿಗಿ ಬೆನ್ನು ಕೊಟ್ಟು ನಿಂತೆ.
ಎಡಕ್ಕ ಚಹಾದಂಗಡಿ, ಮುಚ್ಚಿತ್ತು.
ಒತ್ತಡ ಕಡಿಮಿ ಇದ್ದೀತು, ಖರೇ.

ಮೊಹರಂ ಕಳೆದ ಮ್ಯಾಲ ಮತ್ತ ಬಂದಾಳ ಹುಡುಗಿ,
ಅದೇ ಚೀಲ.
ಹವಾ ಪಾಸಾಗ್ಯದ, ಕಾಯ್ದೆ ಎರಡು ಮಾರ್ಕಿಗಿ ಹೋಗ್ಯದ.
ವ ಒಪ್ಪ್ಯಾರಂತ.
ಈ ಸಲ ಅಪ್ಪನ ಹೆಸರು.
ಒಂದರಾಗ ಸಂಗಣ್ಣ, ಒಂದರಾಗ ಸಂಗಪ್ಪ.

ಕೂಡು, ಅಂದೆ.
ಕಾಗದ ಸೇರಿಸಿದೆ.