ತೋಕ್‌ಪೂ

ವಿರಾಜಪೇಟೆ ಕೋರ್ಟಿನೆದುರು ಜೆರಾಕ್ಸ್ ಅಂಗಡಿಯಲ್ಲಿ
ನೂರಾ ಮೂರು ಪುಟ. ಎರಡೂ ಬದಿ ಹೊಡಿ ಅಂದೆ.
ಹಮೀದ್ ಮೊದಲ ಹಾಳೆ ಬೆಳಕಿಗೆ ಹಿಡಿದು
"ಅಮೆರಿಕದ್ದಲ್ವಾ ಮೇಡಂ? ಇಲ್ಲಿ ಓಡುತ್ತಾ?" ಅಂದ,
ಹರಿದ ನೋಟು ಕೊಟ್ಟವರನ್ನು ಕೇಳುವ ಹಾಗೆ.

ಓಡುವುದಿಲ್ಲ. ಬೇಕಾದರೆ ಕಿವಿಗೊಡಬಹುದು, ಅಷ್ಟೆ.
ಆಚೆಮನೆ ಅಜ್ಜಿಯ ಬುದ್ಧಿಮಾತಿನಂತೆ.

ದೇಚವ್ವಳ ಗಂಡ ಗುಂಡು ಹಾರಿಸಿಲ್ಲ, ಒಮ್ಮೆಯೂ.
ರಾತ್ರಿ ಊಟದ ಮೇಜಿನ ಮೇಲೆ ಒಂಟಿನಳಿಗೆ ಬಿಚ್ಚುತ್ತಾನೆ,
ಎಣ್ಣೆಬಟ್ಟೆಯಲ್ಲಿ ಒರೆಸುತ್ತಾನೆ, ಮತ್ತೆ ಒರೆಸುತ್ತಾನೆ,
ಅವಳು ತಟ್ಟೆ ಎತ್ತುವವರೆಗೂ.
"ಇದಕ್ಕೆ ಯಾವ ಸೆಕ್ಷನ್?" ಕೇಳಿದ್ದಳು.
ಒರೆಸುವುದಕ್ಕೆ ಸೆಕ್ಷನ್ ಇಲ್ಲ.

ಎದುರು ಪಕ್ಷಕ್ಕೆ ಉತ್ತಯ್ಯನವರು. ಬಾರಿನಲ್ಲಿ ನನಗೆ ಗುರುಸಮಾನರು.
ಅವರು ಎದ್ದರೆ ಗೋಡೆಯ ಫೋಟೋಗಳೂ ಎದ್ದ ಹಾಗೆ:
ನಮಗೆ ಲೈಸೆನ್ಸ್ ಅಲ್ಲ ಸ್ವಾಮಿ, ವಿನಾಯಿತಿ. ಬ್ರಿಟಿಷರ ಕಾಲದ್ದು.
ಗಂಡು ಹುಟ್ಟಿದರೆ ಒಂದು ಗುಂಡು. ಸಾವಿಗೆ ಎರಡು.
ಕೋವಿ ನಮ್ಮಲ್ಲಿ ಆಯುಧವಲ್ಲ, ಮನೆಯ ಒಬ್ಬ ಹಿರಿಯ.

ಸುಳ್ಳೆನ್ನಲಾರೆ. ನಾನೂ ಅಂಥ ಮನೆಯವಳೇ.
ಕೈಲ್‌ಪೊಳ್ದಿಗೆ ಮರದ ತುದಿಯ ತೆಂಗಿನಕಾಯಿ ಒಡೆದವಳು;
ಭುಜಕ್ಕೆ ಬಿದ್ದ ಅದರ ಒದೆತ ನೆನೆದರೆ ಈಗಲೂ ಒಳಗೊಂದು ಹಿಗ್ಗು.
ಆದರೆ ನಾನು ಹುಟ್ಟಿದ ದಿನ ಯಾವ ಸದ್ದೂ ಆಗಲಿಲ್ಲವಂತೆ.
ನೆರೆಯವರಿಗೆ ತಿಳಿದದ್ದು ಮರುದಿನ,
ಹಗ್ಗದ ಮೇಲೆ ಪುಟ್ಟ ಬಟ್ಟೆ ಕಂಡು.
ಯಾರಾದರೂ ಪರಂಪರೆ ಎಂದಾಗ
ನನಗೆ ಆ ಮಧ್ಯಾಹ್ನ ಕೇಳಿಸುತ್ತದೆ.

ನೂರಾ ಮೂರು ಪುಟದಲ್ಲಿ ಅವರೂ ಅದನ್ನೇ ಹುಡುಕುತ್ತಾರೆ:
ದೇಶ ಹುಟ್ಟಿದಾಗ ಹೇಗಿತ್ತು?
ಇನ್ನೂರು ಚಿಲ್ಲರೆ ವರ್ಷದ ಕಡತ ಕೊಡವಿ,
ವಿಗ್ಗು ತೊಟ್ಟವರ ಜೇಬು ತಡಕಿ,
ಇಂದಿನ ಹೆಂಗಸಿಗೊಂದು ಕಾಪು ಸಿಕ್ಕೀತೇ ಎಂದು.
ಅಂದು ಹೆಂಡತಿಯ ಭಯ ಮನೆಯೊಳಗಿನ ಮಾತು;
ಮನೆಯೊಳಗಿನ ಮಾತಿಗೆ ಕಡತವೆಲ್ಲಿ?
ಕೊನೆಗೆ ಸಿಕ್ಕಿದ್ದು, ಊರನ್ನು ಬೆದರಿಸುವವನು
ಜಾಮೀನು ಕೊಡಬೇಕಿತ್ತು ಎಂಬುದು.
ಅದನ್ನೇ ಊರುಗೋಲು ಮಾಡಿಕೊಂಡು
ಎಂಟು ಜನ ಹೌದೆಂದರು, ಕೋವಿ ಕಸಿಯಬಹುದು.
ಒಬ್ಬರು ಒಪ್ಪಲಿಲ್ಲ.
ಒಬ್ಬಳ ನಿದ್ದೆಗೆ
ಎಷ್ಟು ಮುತ್ತಜ್ಜಂದಿರ ಸಹಿ!

ಮ್ಯಾಜಿಸ್ಟ್ರೇಟರು ರಾಯಚೂರಿನ ಕಡೆಯವರು,
ಸೆಪ್ಟೆಂಬರಿಗೇ ಸ್ವೆಟರ್ ಹಾಕಿದವರು.
"ಅಮೆರಿಕ ಬ್ಯಾಡ್ರಿ," ಅಂದರು. "ಆಕೀನ್ನೇ ಕೇಳ್ತೀನಿ.
ಏನಮ್ಮಾ, ರಾತ್ರಿ ನಿದ್ದಿ ಹತ್ತತೈತೇನು?"
ದೇಚವ್ವ ಕಟಕಟೆಯ ಮರವನ್ನು ಬೆರಳಲ್ಲಿ ಒರೆಸಿದಳು.
ಮತ್ತೆ ಒರೆಸಿದಳು.
ಟೈಪಿಸ್ಟನ ಕೈ ನಿಂತಿತು. ಉತ್ತಯ್ಯನವರು ಕಿಟಕಿ ನೋಡಿದರು.

ಆದೇಶ ಒಂದೂವರೆ ಪುಟ. ಮಧ್ಯಂತರ.
ನೂರಾ ಮೂರು ನನ್ನ ಚೀಲದಲ್ಲೇ ಉಳಿದವು.

ಠಾಣೆಯಲ್ಲಿ ರೈಟರ್ ರಿಜಿಸ್ಟರ್ ಬಿಡಿಸಿದ:
ನಂಬರು, ತಯಾರಿ, ನಳಿಗೆಯ ಉದ್ದ.
ಅಳೆಯಹೋದರೆ ಬಾಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಎಳೆದ.
ಹಬ್ಬದ ತೋಕ್‌ಪೂ. ಬೆಂಕಿ ಆರಿ ಕಂದಿದ ಎಸಳು.
ಪ್ರತಿ ರಾತ್ರಿ ತೆಗೆದಿಟ್ಟು, ಒರೆಸಿ, ಮತ್ತೆ ಸಿಕ್ಕಿಸಿರಬೇಕು.

"ಇದನ್ನ ಯಾವ ಕಾಲಂಗೆ ಬರೀಲಿ ಮೇಡಂ?"

ಬಿದ್ದಪ್ಪ ಮೊದಲ ಸಲ ದನಿ ತಗ್ಗಿಸಿದ:
"ಅದು ಕೋವಿಯದ್ದಲ್ಲ. ಅವಳು ಕಿತ್ತು ತಂದದ್ದು."

ಹೊರಗೆ ಆಟೋದಲ್ಲಿ ದೇಚವ್ವ ಕೂತಿದ್ದಳು,
ಬೆನ್ನು ಇತ್ತ ಮಾಡಿ.
ರೈಟರ್ ಪೆನ್ನು ಎತ್ತಿಹಿಡಿದೇ ಇದ್ದ.