ದಾಟಿದ ಗೇಟು

ಕಾಟೇಜಿನ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದ ಪುಸ್ತಕದಲ್ಲಿ
ಮನೆಯೊಡತಿ ಬರೆದಿಟ್ಟದ್ದು ಮೂರೇ ಮಾತು:
ಒಲೆಯ ಬೂದಿ ತಗಡಿನ ಬಕೇಟಿಗೇ.
ಮಳೆಯಾದ ಮರುದಿನ ಹಳ್ಳವನ್ನು ನಂಬಬೇಡಿ.
ದಾಟಿದ ಗೇಟು ಹಾಕಿ.
ಮೂರನೆಯದರ ಕೆಳಗೆ ಎರಡು ಗೆರೆ.

ಮೊದಲ ದಿನ ಹಳ್ಳಕ್ಕೆ ಕಟ್ಟೆ ಕಟ್ಟಿದೆವು.
ಶಾಲ್ಮಲಿ ಇಂಜಿನಿಯರು, ಓಂಕಾರ ಕಲ್ಲು ಹೊರುವವ,
ಅವರಪ್ಪ ಗುರುಬಸವ ಗುತ್ತಿಗೆದಾರ, ಅಂದರೆ
ಬಂಡೆಯ ಮೇಲೆ ಕೂತು ಬೆರಳು ತೋರಿಸುವವ.
ನೀರು ಎಲ್ಲವನ್ನೂ ವಿಧೇಯವಾಗಿ ಕೇಳಿಸಿಕೊಂಡು
ಊಟದ ಹೊತ್ತಿಗೆ ಎಡಗಡೆಯಿಂದ ಹೊರಟುಹೋಯಿತು.

ಮಾರನೆಯ ದಿನ ಗುಡ್ಡದ ನೆತ್ತಿಯ ಕುರುಚಲಲ್ಲಿ ಬಿಲ್ಬೆರಿ.
ಮೆಣಸಿನ ಕಾಳಿಗಿಂತ ತುಸುವೇ ದಪ್ಪ;
ಒಂದು ಲೋಟ ತುಂಬಲು ಒಂದೂವರೆ ಗಂಟೆ.
ನಾಲಗೆ ಚಾಚಿ, ಯಾರದು ಹೆಚ್ಚು ನೇರಳೆ ಎಂಬ ಪಂದ್ಯದಲ್ಲಿ
ಲೀಡ್ಸಿನ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವ ನನ್ನ ಗಂಡ
ಭಾರೀ ಅಂತರದಿಂದ ಗೆದ್ದ.
ಲೋಟ ಯಾಕೆ ತುಂಬುತ್ತಿರಲಿಲ್ಲ ಎಂದು ಆಗ ತಿಳಿಯಿತು.

ಮೂರನೆಯ ದಿನದ್ದೇ ಹೇಳಬೇಕಾದದ್ದು.

ಸ್ವೇಲ್‌ಡೇಲಿನ ಗೋಡೆಗಳಿಗೆ ಗಾರೆಯಿಲ್ಲ,
ಕಲ್ಲಿಗೆ ಕಲ್ಲಿನ ಭಾರವೇ ಅಂಟು.
ಅವುಗಳ ನಡುವೆ ನಮ್ಮ ದಾರಿಯಲ್ಲಿ ಐದು ಗೇಟು,
ಐದಕ್ಕೂ ಬೇರೆ ಬೇರೆ ಬುದ್ಧಿ:
ಒಂದಕ್ಕೆ ಕೊಂಡಿ, ಒಂದಕ್ಕೆ ಸರಪಳಿ,
ಒಂದನ್ನು ಎತ್ತಿ ದೂಡಬೇಕು, ಒಂದು ತಾನೇ ಬಡಿದುಕೊಳ್ಳುತ್ತದೆ,
ನಾಲ್ಕನೆಯದಕ್ಕೆ ಬರೀ ನೀಲಿ ಹಗ್ಗದ ಕುಣಿಕೆ.

ಪಾಳು ಕೊಟ್ಟಿಗೆಯ ನೆರಳಲ್ಲಿ ಬುತ್ತಿ ಬಿಚ್ಚುವಾಗ
ಓಂಕಾರ ಕೆಳಗೆ ನೋಡಿ ಮೆಲ್ಲಗೆ ಅಂದ:
‘ಅಮ್ಮ, ಕುರಿಗಳು ರಸ್ತೆಯಲ್ಲಿ ವಾಕಿಂಗ್ ಹೊರಟಿವೆ.’

ಓಡಿದೆವು.
ಗುರುಬಸವ ಕಬಡ್ಡಿಗೆ ನಿಂತವನ ಹಾಗೆ ಕೈ ಚಾಚಿದ,
ಕುರಿಗಳು ಅವನನ್ನು ಔಟ್ ಮಾಡಿ ದಾಟಿದವು.
ಶಾಲ್ಮಲಿ ‘ಪ್ಲೀಸ್’ ಅಂದಳು. ಎರಡು ಸಲ.
ಓಂಕಾರ ನಾಯಿಯಾದ. ಒಂದು ಮುದಿ ಕುರಿ
ಅವನನ್ನು ಮರುಕದಿಂದ ನೋಡಿತು.
ನಾನು ದಾವಣಗೆರೆಯ ಬಸ್‌ಸ್ಟ್ಯಾಂಡಿನ ಬೆನ್ನಿಗೆ ಬೆಳೆದವಳು;
ಕುರಿಗೂ ನನಗೂ ಇದ್ದ ನಂಟು ಸ್ವೆಟರಿನಷ್ಟೇ.
ಏನು ಮಾಡಲೂ ತೋಚದೆ ನಿಂತಾಗ ಕೈಯ ಡಬ್ಬಿ ಅಲುಗಿತು.

ಒಳಗೆ ಮಂಡಕ್ಕಿ, ಶೇಂಗಾ.
ಝಲ್ ಅಂತು.
ಕಪ್ಪು ಮುಖಗಳೆಲ್ಲ ಒಟ್ಟಿಗೆ ತಿರುಗಿದವು.

ಇನ್ನೊಮ್ಮೆ ಝಲ್.
ಕೊಂಬಿನ ಟಗರೊಂದು ಹೆಜ್ಜೆಯಿಟ್ಟಿತು, ಹಿಂದೆ ಉಳಿದವು,
ಮುಂದೆ ಡಬ್ಬಿ ಕುಣಿಸುತ್ತ ಹಿಂದುಹಿಂದಕ್ಕೆ ನಡೆವ ನಾನು,
ಪಕ್ಕದಲ್ಲಿ ಗೋಡೆ ಹತ್ತಿ ‘ಎಡಕ್ಕೆ, ಎಡಕ್ಕೆ’ ಎನ್ನುವ ಗುತ್ತಿಗೆದಾರ.
ಎಲ್ಲವೂ ಹೊಲ ಸೇರಿದ ಮೇಲೆ ಗೋಡೆ ಹಾರಿ ಬಂದು
ಒಂದು ಕಾಳೂ ಕೊಡದೆ ಗೇಟು ಹಾಕಿದೆ.
ಟಗರು ನನ್ನನ್ನು ನೋಡಿದ ರೀತಿ
ಸಾಲ ಕೊಟ್ಟವರು ನೋಡುವ ರೀತಿ.

ಆಚೆ ಬದಿಯಲ್ಲಿ, ನಾಲ್ಕು ಚಕ್ರದ ಬೈಕಿನ ಮೇಲೆ,
ಹಿಲ್ಡಾ ಮೆಟ್ಕಾಫ್ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಳು,
ಮೊದಲಿನಿಂದಲೂ.
‘ಅಡ್ಡ ಬರಬಾರದು ಅನ್ನಿಸಿತು’ ಅಂದಳು.
ಆಮೇಲೆ ಗದ್ದ ಕುಣಿಸುತ್ತ ಎಣಿಸಿದಳು. ನಿಂತಳು. ಮತ್ತೆ ಎಣಿಸಿದಳು.
‘ನನ್ನವು ಮೂವತ್ತೊಂದು.
ನೀವು ಮೂವತ್ತೆರಡು ತುಂಬಿದ್ದೀರಿ.’
ಒಂದರ ಬೆನ್ನಿಗೆ ಮಾತ್ರ ಹಸಿರು ಗುರುತು:
ಆಚೆ ದಿಣ್ಣೆಯ ಮೈದುನನದು.
‘ಅವನ ಹತ್ತಿರ ಮಾತಾಡಿ ಹನ್ನೊಂದು ವರ್ಷವಾಯಿತು’ ಎಂದು
ಚಹಾದ ಗಸಿ ಹುಲ್ಲಿಗೆ ಚೆಲ್ಲಿದಳು.
‘ಕುರಿಯನ್ನಂತೂ ಪೋಸ್ಟ್ ಮಾಡಲಾಗದು.’
ಹೋದಳೋ ಇಲ್ಲವೋ, ನಮಗೆ ಗೊತ್ತಾಗಲಿಲ್ಲ.
ಸಂಜೆ ದಿಣ್ಣೆಯ ಮೇಲೊಂದು ಬೈಕಿನ ದೀಪ ಕಂಡಿತು,
ಅಷ್ಟೇ.

ರಾತ್ರಿ ಗುರುಬಸವ ಓಂಕಾರನಿಗೆ ಜವಾಬ್ದಾರಿಯ ಬಗ್ಗೆ
ದೀರ್ಘವಾಗಿ ಮಾತಾಡಿದ. ಹುಡುಗ ತಲೆ ತಗ್ಗಿಸಿ
ನೆನೆದ ಕಾಲುಚೀಲವನ್ನು ಒಲೆಗೆ ಹಿಡಿದಿದ್ದ;
ತಾನೇ ಇರಬಹುದೆಂದು ನಂಬಿಯೂ ಬಿಟ್ಟಿದ್ದ.

ನಾಲ್ಕನೆಯ ಗೇಟಿನಲ್ಲಿ ಕೊನೆಗೆ ದಾಟಿದವಳು ನಾನು.
ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ನಾಲ್ವರ ಕೋಟು,
ನೀಲಿ ಕುಣಿಕೆ ಹಾಕಿದೆನೆಂದೇ ಅಂದುಕೊಂಡಿದ್ದೆ.

ಹೇಳಿದೆ. ಒಂದು ಕ್ಷಣ ಯಾರೂ ಉಸಿರಾಡಲಿಲ್ಲ.
ಆಮೇಲೆ ಓಂಕಾರ ಎದ್ದು ಬಂದು, ಸೊಂಟಕ್ಕೆ ಕೈಯಿಟ್ಟು,
ಜವಾಬ್ದಾರಿಯ ಬಗ್ಗೆ ನನಗೆ ಹೇಳತೊಡಗಿದ,
ಅಪ್ಪನ ಒಂದು ಮಾತೂ ಬಿಡದ ಹಾಗೆ.

ಹೊರಡುವ ಬೆಳಿಗ್ಗೆ ಮೊಳೆಯ ಪುಸ್ತಕ ತೆಗೆದು
ಮೂರನೆಯ ಮಾತಿನ ಕೆಳಗೆ
ಮೂರನೆಯ ಗೆರೆ ಎಳೆದೆ.